ಜಡಿಮಳೆಯಲ್ಲೂ ಒಣಗುವ ಟವೆಲ್

ಜೂನ್ ತಿಂಗಳಲ್ಲಿ ಗಾಂಧಿ ಬಜಾರಿನ ಚಿಕ್ಕ ಅಂಗಡಿಯೊಂದರಲ್ಲಿ ಮೂರು ಕೈಮಗ್ಗದ ಹತ್ತಿ ಟವೆಲ್ ಕೊಂಡೆ, ಒಂದಕ್ಕೆ 190 ರೂಪಾಯಿ. ನಾಲ್ಕು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಬನಶಂಕರಿಯ ನಮ್ಮ ಬಾಲ್ಕನಿಗೆ ಬೆಳಗ್ಗೆ ಒಂದು ಗಂಟೆ ಮಾತ್ರ ಬಿಸಿಲು. ಹಳೆಯ ದಪ್ಪ ಟರ್ಕಿ ಟವೆಲ್‌ಗಳು ಮಳೆ ಹಿಡಿದರೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಮುಖಕ್ಕೆ ಒತ್ತಿದರೆ ಮುಗ್ಗಲು ವಾಸನೆ. ತೇವ ಆರದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದೇ ಆ ವಾಸನೆ ಹುಟ್ಟುವುದು. ಈ ಟವೆಲ್‌ನಲ್ಲಿ ನೀರು ಹಿಡಿದಿಡುವ ದಪ್ಪ ಕುಣಿಕೆಗಳಿಲ್ಲ, ಬರಿಯ ನೇಯ್ಗೆ. ರಾತ್ರಿ ಒಳಮನೆಯ ಹಗ್ಗದ ಮೇಲೆ ಒಂದೇ ಪದರವಾಗಿ ಹರಡಿ ಫ್ಯಾನ್ ಹಾಕಿದರೆ ಬೆಳಗ್ಗೆ ಗರಿಗರಿಯಾಗಿ ಕೈಗೆ ಸಿಗುತ್ತದೆ. ಮೂಗಿಗೆ ಹಿಡಿದರೆ ಬರಿಯ ಹತ್ತಿಯ ವಾಸನೆ. ನನಗೆ ಇದೇ ದೊಡ್ಡ ಸಮಾಧಾನ.

ಕೊರತೆಯೂ ಇದೆ. ಗಂಜಿ ಹಾಕಿದ್ದರಿಂದ ಮೊದಲೆರಡು ದಿನ ನೀರು ಹೀರಲೇ ಇಲ್ಲ; ರಾತ್ರಿಯಿಡೀ ನೆನೆಸಿ ಒಗೆದ ಮೇಲೆ ಸರಿಹೋಯಿತು. ಕೆಂಪು ಅಂಚು ಈಗಲೂ ಸ್ವಲ್ಪ ಬಣ್ಣ ಬಿಡುತ್ತದೆ, ಬೇರೆಯಾಗಿಯೇ ಒಗೆಯಬೇಕು. ಅಂಗಡಿಯವರು ಇದನ್ನು ಮೊದಲೇ ಹೇಳಬೇಕಿತ್ತು.

ಟವೆಲ್ ಬದಲಿಸಿದರಷ್ಟೇ ಸಾಲದು. ನಮ್ಮದು ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡದೆ ಎಳೆಗಳಲ್ಲಿ ಕೂರುತ್ತದೆ. ಹಾಗಾಗಿ ಪುಡಿ ಅರ್ಧಕ್ಕೆ ಇಳಿಸಿ, ಇನ್ನೊಮ್ಮೆ ಜಾಲಿಸುತ್ತೇನೆ. ಮೃದುಗೊಳಿಸುವ ದ್ರವವನ್ನು ನಿಲ್ಲಿಸಿದ್ದೇನೆ, ಅದು ಎಳೆಗೆ ಪದರ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಸಿನೀರಿನ ಒಗೆತ.

ತಲೆ ಒರೆಸಲು ದಪ್ಪದ್ದೇ ಬೇಕು ಎನ್ನುತ್ತಾರೆ ಅಮ್ಮ. ಅವರಿಗಾಗಿ ಹಳೆಯದೊಂದನ್ನು ಉಳಿಸಿಕೊಂಡಿದ್ದೇನೆ. ಉಳಿದವರಿಗೆಲ್ಲ ಇನ್ನೂ ಮೂರು ತರಲಿದ್ದೇನೆ, ಈ ಬಾರಿ ಬಿಳಿ ಅಂಚಿನವು.