ಕಾರವಾರದ ಸೆಕೆಯಲ್ಲಿ ಆರ್‌ಟಿಎಕ್ಸ್ 3050 6 ಜಿಬಿ ‘ಓಸಿ’ ಕಾರ್ಡು

ಕೋಡಿಬಾಗದ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ ಕಳೆದ ಮೇ ತಿಂಗಳಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡಿನ (ಆಟದ ಚಿತ್ರಗಳನ್ನು ಪರದೆಗೆ ಮೂಡಿಸುವ ಕಾರ್ಡು) 6 ಜಿಬಿ ಆವೃತ್ತಿಯನ್ನು, ಅದರಲ್ಲೂ ಎರಡು ಫ್ಯಾನಿರುವ ‘ಓಸಿ’ (ಓವರ್‌ಕ್ಲಾಕ್, ಅಂದರೆ ಕಾರ್ಖಾನೆಯಲ್ಲೇ ವೇಗ ಏರಿಸಿದ) ಮಾದರಿಯನ್ನು ಹುಬ್ಬಳ್ಳಿಯಿಂದ ತರಿಸಿ ಹಾಕಿದೆವು. ಒಂದು ಫ್ಯಾನಿನ ಸಾದಾ ಮಾದರಿಗಿಂತ ಇದಕ್ಕೆ ಸಾವಿರದ ಇನ್ನೂರು ರೂಪಾಯಿ ಹೆಚ್ಚು ಕೊಟ್ಟಿದ್ದೇವೆ. ಆ ಹಣ ಯಾವುದಕ್ಕೆ ಸಂದಿತು ಎಂಬುದು ಒಂದು ಮಳೆಗಾಲ ಕಳೆದ ಮೇಲೆ ಸ್ಪಷ್ಟವಾಗಿದೆ.

ಓವರ್‌ಕ್ಲಾಕ್‌ಗಂತೂ ಅಲ್ಲ. ಎನ್‌ವಿಡಿಯಾ ಈ ಚಿಪ್ಪಿಗೆ ಗೊತ್ತುಪಡಿಸಿದ ಬೂಸ್ಟ್ ವೇಗ (ಭಾರದ ಕೆಲಸದಲ್ಲಿ ಏರುವ ವೇಗ) 1470 ಮೆಗಾಹರ್ಟ್ಸ್. ನಮ್ಮ ಕಾರ್ಡಿನ ಪೆಟ್ಟಿಗೆಯ ಮೇಲಿರುವುದು 1492. ಅಂದರೆ ಹೆಚ್ಚಳ ಕೇವಲ 22 ಮೆಗಾಹರ್ಟ್ಸ್, ಶೇಕಡಾ ಒಂದೂವರೆ. ಸೆಕೆಂಡಿಗೆ 60 ಫ್ರೇಮು ಬರುವ ಆಟದಲ್ಲಿ ಇದರಿಂದ ಇನ್ನೊಂದು ಫ್ರೇಮೂ ಪೂರ್ತಿ ಸೇರುವುದಿಲ್ಲ. ಇದಕ್ಕಿಂತ ಬಹಳ ಏರಿಸಲು ತಯಾರಕರಿಗೆ ಜಾಗವೂ ಇಲ್ಲ: ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ ಇಲ್ಲದಿರುವುದರಿಂದ ಅದು ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟಿನೊಳಗೇ ಇರಬೇಕು, ಮತ್ತು ಚಿಪ್ಪಿನ ಮಿತಿಯೇ 70 ವ್ಯಾಟ್. ಆ ಮಿತಿಯೊಳಗೆ ವಿದ್ಯುತ್ತೂ ತಂಪೂ ಇರುವಷ್ಟು ಹೊತ್ತು ಚಿಪ್ಪು ತಾನಾಗಿಯೇ ಪೆಟ್ಟಿಗೆಯ ಅಂಕಿಯನ್ನು ದಾಟಿ ಓಡುತ್ತದೆ. ಸಾದಾ ಮಾದರಿಯಲ್ಲೂ ಹೀಗೆಯೇ.

ಆದರೆ ಎರಡನೆಯ ಫ್ಯಾನಿನ ಬೆಲೆಯನ್ನು ಕರಾವಳಿಯವರು ಹಗುರವಾಗಿ ನೋಡಬಾರದು. ನಮ್ಮ ಹಿಂದಿನ ಕಾರ್ಡಿನಲ್ಲಿ ಒಂದೇ ಸಣ್ಣ ಫ್ಯಾನಿತ್ತು. ಇಲ್ಲಿಯ ಗಾಳಿಯಲ್ಲಿ ಧೂಳು ಒಣಗಿ ಉದುರುವುದಿಲ್ಲ. ತೇವ ಹೀರಿ ಅಂಟಂಟಾಗಿ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಬಿಚ್ಚಿದ ದಿನ ಕ್ಯಾಬಿನೆಟ್ಟಿಗೆ ಬಿಗಿದಿದ್ದ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದುಹೋಗಿತ್ತು, ಫ್ಯಾನು ಬೆರಳಿನಿಂದ ತಳ್ಳಿದರೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಈಗಿನ ಕಾರ್ಡಿನಲ್ಲಿ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಅಗಲವಾಗಿದೆ, ಎರಡೂ ಫ್ಯಾನುಗಳು ನಿಧಾನವಾಗಿ ತಿರುಗಿಯೇ ಕೆಲಸ ಮುಗಿಸುತ್ತವೆ, ಹಗುರ ಕೆಲಸದಲ್ಲಿ ಪೂರ್ತಿ ನಿಲ್ಲುತ್ತವೆ. ಮೇ ತಿಂಗಳ ಮಧ್ಯಾಹ್ನ ಮಗ ಎರಡು ತಾಸು ಆಡಿದಾಗಲೂ ಪಕ್ಕದ ಕೋಣೆಗೆ ಸದ್ದು ಬರಲಿಲ್ಲ. ಕೊಟ್ಟ ಹಣ ಸಾರ್ಥಕವಾದದ್ದು ಇಲ್ಲಿ.

ಆಟಗಳ ವಿಷಯದಲ್ಲಿ 1080ಪಿ ಪರದೆಗೆ ಇದು ಸಾಕು. ವ್ಯಾಲರಂಟ್, ಜಿಟಿಎ 5 ಸಲೀಸಾಗಿ ಓಡುತ್ತವೆ. ಸೈಬರ್‌ಪಂಕ್ 2077ರಂತಹ ಭಾರದ ಆಟಕ್ಕೆ ಸೆಟ್ಟಿಂಗ್ ಇಳಿಸಿ ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ರಚಿಸಿದ ಚಿತ್ರವನ್ನು ಎಐ ಮೂಲಕ ಹಿಗ್ಗಿಸಿ ಫ್ರೇಮು ಹೆಚ್ಚಿಸುವ ಸೌಲಭ್ಯ) ಹಾಕಿಕೊಳ್ಳಬೇಕು. ಬೆಳಕು-ನೆರಳನ್ನು ನೈಜವಾಗಿ ಲೆಕ್ಕಹಾಕಿ ತೋರಿಸುವ ರೇ ಟ್ರೇಸಿಂಗ್ ಹೆಸರಿಗಷ್ಟೇ ಇದೆ.

ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಹೆಸರಿನ ಬಗ್ಗೆ. 2022ರಲ್ಲಿ ಬಂದ 8 ಜಿಬಿಯ 3050 ಮತ್ತು 2024ರಲ್ಲಿ ಬಂದ ಈ 6 ಜಿಬಿಯ 3050 ಕೇವಲ ಮೆಮೊರಿಯಲ್ಲಿ ಬೇರೆಯಾದ ಒಂದೇ ಕಾರ್ಡು ಎಂದು ಭಾವಿಸುವುದು ತಪ್ಪು. ಮೊದಲನೆಯದರಲ್ಲಿ 2560 ‘ಕುಡಾ’ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), 128 ಬಿಟ್‌ನ ಮೆಮೊರಿ ದಾರಿ. ಇದರಲ್ಲಿ 2304 ಕೋರ್, 96 ಬಿಟ್. ಎರಡಕ್ಕೂ ಒಂದೇ ಹೆಸರಿಟ್ಟದ್ದು ಗ್ರಾಹಕರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ 8 ಜಿಬಿ ಕಾರ್ಡು 130 ವ್ಯಾಟ್ ಕೇಳುತ್ತದೆ, ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಇರಬೇಕೆಂದು ಎನ್‌ವಿಡಿಯಾ ಹೇಳುತ್ತದೆ. 6 ಜಿಬಿಗೆ 300 ಸಾಕು. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿಬರುವ ನಮ್ಮ ಕಡೆ ಸಾಧಾರಣ ಯುಪಿಎಸ್ ಮೇಲೆ ನಡೆಯುವ ಕಂಪ್ಯೂಟರಿಗೆ ಈ ವ್ಯತ್ಯಾಸ ದೊಡ್ಡದು. ಎಸ್‌ಎಂಪಿಎಸ್ ಬದಲಿಸುವ ಯೋಚನೆ ಇಲ್ಲದವರು ಇದನ್ನು ಕೊಳ್ಳಬಹುದು. ‘ಓಸಿ’ ಎಂಬ ಅಕ್ಷರವಿಲ್ಲದ ಎರಡು ಫ್ಯಾನಿನ ಮಾದರಿ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.