ನಾಲ್ಕು ವರ್ಷದ ಒಡನಾಟ: ಮಣ್ಣಿನ ತೇವ ಅಳೆಯುವ ಎರಡು ಸರಳಿನ ಮೀಟರ್

ಆಟದ ಮೈದಾನದ ಹುಲ್ಲುಹಾಸು ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಸರಳನ್ನು ನೆಲಕ್ಕೆ ಚುಚ್ಚಿ, ವಿದ್ಯುತ್ ಮಿಡಿತದಿಂದ ಮಣ್ಣಿನ ತೇವ ಅಳೆಯುವ ಈ ಟಿಡಿಆರ್ ಮೀಟರ್ ಕೊಂಡು ನಾಲ್ಕು ವರ್ಷವಾಯಿತು. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ತಂದ ದಿನವೇ ಚುಚ್ಚಿ ನೋಡಿದೆ. ಮರಳು ಹಾಸಿದ ನಡುಭಾಗದಲ್ಲಿ ಶೇ 14, ಅಂಚಿನ ಜೇಡಿಮಣ್ಣಿನಲ್ಲಿ ಶೇ 24. ಅಂಚಿನಲ್ಲಿ ನೀರು ಧಾರಾಳವಾಗಿದೆ ಎಂದುಕೊಂಡು ಅಲ್ಲಿಗೆ ನೀರು ನಿಲ್ಲಿಸಿದೆ. ಮೂರನೆಯ ದಿನ ಅಂಚಿನ ಹುಲ್ಲು ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗಿತು, ನಡುಭಾಗ ಹಸಿರಾಗಿಯೇ ಇತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಮಣ್ಣಿನ ಗಾತ್ರದಲ್ಲಿ ನೀರಿನ ಪಾಲೆಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು, ಬೇರಿಗೆ ದಕ್ಕುವುದೆಷ್ಟು ಎಂಬುದು ಗೊತ್ತಿಲ್ಲ. ಜೇಡಿಯ ಅತಿ ಸಣ್ಣ ಕಣಗಳು ನೀರನ್ನು ಬಿಗಿಹಿಡಿದು ಕೂರುತ್ತವೆ, ಮರಳು ಸುಲಭವಾಗಿ ಬಿಟ್ಟುಕೊಡುತ್ತದೆ.

ಆಮೇಲೆ ಹುಲ್ಲನ್ನೇ ಕೇಳತೊಡಗಿದೆ. ಮಧ್ಯಾಹ್ನ ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡಿದಾಗ ತುಳಿದ ಎಸಳು ಏಳದೆ ಹೆಜ್ಜೆಗುರುತು ಹಾಗೇ ಉಳಿದಿದ್ದರೆ, ಅಲ್ಲೇ ಸರಳು ಊರಿ ಅಂಕಿಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಹುಲ್ಲು ಬಾಯಾರಿದೆ ಎಂಬುದಕ್ಕೆ ಅದೇ ಗುರುತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ, ಯಾವ ಅಂಕಿಗೆ ಇಳಿದರೆ ಹುಲ್ಲು ಬಾಡತೊಡಗುತ್ತದೆ ಎಂಬ ನನ್ನ ಮಣ್ಣಿನ ಲೆಕ್ಕ ಸಿಕ್ಕಿತು: ಮರಳಿಗೆ ಶೇ 8, ಜೇಡಿಗೆ ಶೇ 23. ಈ ಅಂಕಿಗಳು ನನ್ನ ಮೈದಾನಕ್ಕೆ ಮಾತ್ರ. ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು.

ಚುಚ್ಚುವುದಕ್ಕೂ ಕೈಹದ ಬೇಕು. ಮೀಟರ್ ಸರಳುಗಳ ಉದ್ದಕ್ಕೂ ವಿದ್ಯುತ್ ಮಿಡಿತ ಕಳುಹಿಸಿ, ಅದು ಹೋಗಿಬರುವ ಸಮಯ ಅಳೆಯುತ್ತದೆ. ನೀರು ಹೆಚ್ಚಿದ್ದಷ್ಟೂ ಮಿಡಿತ ನಿಧಾನ. ನಾನು ಗಟ್ಟಿ ನೆಲದಲ್ಲಿ ಸರಳನ್ನು ಅಲ್ಲಾಡಿಸುತ್ತಾ ಇಳಿಸುತ್ತಿದ್ದೆ. ಸುತ್ತ ಗಾಳಿಯ ಸಂದಿ ಬಿದ್ದು, ಒದ್ದೆ ಮಣ್ಣೂ ಒಣಗಿದಂತೆ ಕಾಣಿಸುತ್ತಿತ್ತು. ಸರಳಿನ ಉದ್ದವೂ ಮುಖ್ಯ. ಅಂಕಿ ಆ ಉದ್ದದ ಸರಾಸರಿಯಾದ್ದರಿಂದ, ಬೇರು ಐದು ಸೆಂಟಿಮೀಟರ್ ಇರುವಲ್ಲಿ ಇಪ್ಪತ್ತು ಸೆಂಟಿಮೀಟರಿನ ಸರಳು ತಳದ ತೇವವನ್ನೂ ಸೇರಿಸಿಕೊಂಡು ನಿಮ್ಮನ್ನು ಸಮಾಧಾನಪಡಿಸುತ್ತದೆ. ಅಷ್ಟರಲ್ಲಿ ಮೇಲೆ ಹುಲ್ಲು ಸೊರಗಿರುತ್ತದೆ.

ಈ ಮೀಟರಿನ ನಿಜವಾದ ಬೆಲೆ ನನಗೆ ತಿಳಿದದ್ದು ಒಂದು ಒಣ ತೇಪೆಯಿಂದ. ಎಷ್ಟು ನೀರು ಹಾಯಿಸಿದರೂ ಅದು ಒಣಗಿಯೇ ಇರುತ್ತಿತ್ತು. ನನ್ನ ಸಂಶಯ ಸ್ಪ್ರಿಂಕ್ಲರ್ ಮೇಲಿತ್ತು. ಅದರ ಮೂತಿಯನ್ನು ಎರಡು ಸಲ ಬದಲಿಸಿದ್ದೂ ಆಗಿತ್ತು. ತೇಪೆಯೊಳಗೆ ಅಳೆದರೆ 5, ಒಂದು ಗೇಣು ಆಚೆ 17. ಒಂದೇ ಸ್ಪ್ರಿಂಕ್ಲರ್‌ನಿಂದ ಗೇಣುದ್ದದಲ್ಲಿ ಇಷ್ಟು ವ್ಯತ್ಯಾಸ ಬರುವುದು ಹೇಗೆ? ಮಣ್ಣಿನ ಬಿಲ್ಲೆಯೊಂದನ್ನು ಕಿತ್ತು, ಒಣಗಿಸಿ, ಬೆರಳಿನಿಂದ ಹನಿ ಬಿಟ್ಟೆ. ಹನಿ ಇಂಗದೆ, ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತಿತು. ಮರಳಿನ ಕಣಗಳಿಗೆ ಮೇಣದಂಥ ಪದರ ಅಂಟಿ, ಮಣ್ಣೇ ನೀರನ್ನು ದೂಡುತ್ತಿತ್ತು. ನೆಲಕ್ಕೆ ರಂಧ್ರ ಹೊಡೆದು, ನೀರು ಇಂಗಿಸುವ ದ್ರಾವಣ ಹಾಕಿದ ಮೇಲೆ ಅಂಕಿ ಏರಿತು, ಹುಲ್ಲು ನಿಧಾನವಾಗಿ ಕೂಡಿಕೊಂಡಿತು. ಅಂದಿನಿಂದ ಇಡೀ ಮೈದಾನಕ್ಕೆ ನೀರು ಬಿಡುವುದು ಕಡಿಮೆಯಾಗಿದೆ. ಬೆಳಿಗ್ಗೆ ಚೌಕ ಚೌಕವಾಗಿ ಅಳೆದು, ಕೊರತೆಯಿರುವ ಕಡೆ ಮಾತ್ರ ಪೈಪಿನಿಂದ ಹಾಯಿಸುತ್ತೇನೆ.

ದೂರುಗಳೂ ಇವೆ. ನಡು ಹಗಲಿನ ಬಿಸಿಲಿಗೆ ಪರದೆ ಕಾಣಿಸುವುದಿಲ್ಲ, ಟೋಪಿ ತೆಗೆದು ನೆರಳು ಹಿಡಿಯಬೇಕು. ಉಪ್ಪಿನಂಶ ಹೆಚ್ಚಿರುವ ಕಡೆ ಅಂಕಿ ಇದ್ದದ್ದಕ್ಕಿಂತ ಮೇಲೇರುತ್ತದೆ. ಕಲ್ಲು ತಗುಲಿದರೆ ಸರಳು ಬಾಗುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಿ ಎರಡರ ನಡುವಿನ ಅಂತರವೇ ಬದಲಾಗಿ, ಒಂದು ವಾರ ತಪ್ಪು ಲೆಕ್ಕ ಬರೆದುಕೊಂಡಿದ್ದೇನೆ. ಈಗ ಬಳಸುತ್ತಿರುವುದು ಮೂರನೆಯ ಜೊತೆ.

ದೊಡ್ಡ ಮೈದಾನವಿದ್ದರೆ ಕೊಳ್ಳಿ, ನಾಲ್ಕು ನಕ್ಷತ್ರ. ಅಂಗಳದ ಪುಟ್ಟ ಹುಲ್ಲುಹಾಸಿಗೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಸಲೀಸಾಗಿ ಇಳಿದರೆ ತೇವ ಇದೆ, ಕೈನೋವು ಬಂದರೆ ನೀರು ಬಿಡಿ.