ಆಟಿಕೆ ಇಡಲು ಬುಟ್ಟಿಯೋ, ಆನ್‌ಲೈನ್ ಶೆಲ್ಫೋ, ಆಚಾರಿ ಮಾಡಿದ ಹಲಸಿನ ಶೆಲ್ಫೋ?

ಮೂರನ್ನೂ ಬಳಸಿ ನೋಡಿದೆ. ಈಗ ಮಗಳು ಬಳಸುವುದು ಹಲಸಿನದ್ದು. ನಮ್ಮ ಕಾಸರಗೋಡಿನ ಬದಿಯಡ್ಕದ ಮಳೆಗಾಲ ಉಳಿದೆರಡರಲ್ಲಿ ಒಂದನ್ನು ತಿಂದುಹಾಕಿತು.

ಮೊದಲಿದ್ದದ್ದು 350 ರೂಪಾಯಿಯ ಪ್ಲಾಸ್ಟಿಕ್ ಬುಟ್ಟಿ. ಎರಡು ವರ್ಷದ ಮಗಳು ದಿನಾ ಅದನ್ನು ಚಾವಡಿಯಲ್ಲಿ ಕವುಚಿ, ಯಾವುದರಲ್ಲೂ ಮನಸ್ಸು ನಿಲ್ಲದೆ ನನ್ನ ಹಿಂದೆ ಬರುತ್ತಿದ್ದಳು. ಅಡಿಯಲ್ಲಿರುವ ಆಟಿಕೆ ಅವಳಿಗೆ ಕಾಣುವುದಾದರೂ ಹೇಗೆ?

ಆಮೇಲೆ 3,800 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಮೂರು ಡ್ರಾಯರಿನ ಬಿಳಿ ಶೆಲ್ಫ್ ತರಿಸಿದೆ. ಮಾರ್ಚಿನಲ್ಲಿ ಬಂತು, ಮೇ ಮುಗಿಯುವವರೆಗೆ ಚೆನ್ನಾಗಿಯೇ ಇತ್ತು. ಜೂನಿನಲ್ಲಿ ಮಳೆ ಹಿಡಿದು ಎರಡು ವಾರವಾಗುವಾಗ ಕೆಳಗಿನ ಡ್ರಾಯರ್ ಬಿಗಿಯಾಯಿತು. ಅದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರು ಮತ್ತು ಅಂಟು ಸೇರಿಸಿ ಒತ್ತಿದ ಹಲಗೆ. ಮೇಲೆ ಹೊಳಪಿನ ಹಾಳೆ ಇದ್ದರೂ ಸ್ಕ್ರೂ ಹಾಕಿದ ತೂತು, ಹಿಂಬದಿಯ ಅಂಚು ಬರಿದಾಗಿಯೇ ಇರುತ್ತವೆ. ತೇವ ಅಲ್ಲಿಂದಲೇ ಒಳಹೊಕ್ಕಿತು. ಒಮ್ಮೆ ಉಬ್ಬಿದ್ದು ಬಿಸಿಲಿಗಿಟ್ಟರೂ ಮೊದಲಿನಂತಾಗಲಿಲ್ಲ.

ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಡ್ರಾಯರ್ ಬಾರದಿದ್ದಾಗ ಮಗಳು ಎರಡೂ ಕೈಯಿಂದ ಜಗ್ಗಿದಳು. ಇಡೀ ಶೆಲ್ಫ್ ಅವಳ ಮೇಲೆ ವಾಲಿತು. ಅತ್ತೆ ಪಕ್ಕದಲ್ಲೇ ಇದ್ದರು, ಹಿಡಿದರು. ಕಂಪನಿಗೆ ಫೋನ್ ಮಾಡಿದರೆ ನೀರು ತಾಗಿದ್ದಕ್ಕೆ ವಾರಂಟಿ ಇಲ್ಲವೆಂದರು. ನಾವು ಒಂದು ಹನಿ ನೀರೂ ಚೆಲ್ಲಿರಲಿಲ್ಲ. ಇಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಕಪಾಟಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಗಾಳಿಯ ತೇವವೇ ಸಾಕು.

ಮಾವನ ಹಳೆಮನೆಯ ಅಟ್ಟದಲ್ಲಿ ಹಲಸಿನ ಹಲಗೆಗಳಿದ್ದವು. ಆಚಾರಿಯವರು ಎರಡು ದಿನದಲ್ಲಿ ಎರಡಡಿ ಎತ್ತರದ, ಎರಡು ಅಂತಸ್ತಿನ ಶೆಲ್ಫ್ ಮಾಡಿಕೊಟ್ಟರು. ಬಾಗಿಲಿಲ್ಲ, ಡ್ರಾಯರಿಲ್ಲ, ಮೂಲೆಗಳನ್ನು ಉಜ್ಜಿ ಉರುಟು ಮಾಡಿದ್ದಾರೆ. ಗೋಡೆಗೆ ಎರಡು ಕಬ್ಬಿಣದ ಕ್ಲಾಂಪ್ ಹಾಕಿಸಿದೆ. ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯೋಣವೆಂದರು, ಬೇಡವೆಂದೆ. ಒರಲೆ (ಗೆದ್ದಲು) ತಡೆಯಲು ಅದು ಒಳ್ಳೆಯದು, ಆದರೆ ಚರ್ಮ ಸುಡುತ್ತದೆ, ಮಗು ಮುಟ್ಟುವ ವಸ್ತುವಿಗೆ ಖಂಡಿತ ಕೂಡದು. ಅಗಸೆ ಎಣ್ಣೆಯನ್ನು ತೆಳ್ಳಗೆ ಎರಡು ಸಲ ಒರೆಸಿ ಒಣಗಿಸಿದೆವು.

1907ರಲ್ಲಿ ರೋಮಿನಲ್ಲಿ ‘ಮಕ್ಕಳ ಮನೆ’ ಎಂಬ ಶಿಶುಶಾಲೆ ತೆರೆದ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ, ಬೀಗದ ಕಪಾಟು ಬಿಟ್ಟು ಮಕ್ಕಳ ಕೈಗೆಟಕುವ ತಗ್ಗು ಕಪಾಟಿಗೆ ಬಂದರು. ಮಗಳನ್ನು ನೋಡುವಾಗ ಅದು ಏಕೆಂದು ಅರ್ಥವಾಗುತ್ತದೆ: ಅವಳೇ ಆರಿಸುತ್ತಾಳೆ, ಅವಳೇ ತಿರುಗಿ ಇಡುತ್ತಾಳೆ. ಈಗ ಹೊರಗಿಡುವುದು ಐದೇ ಆಟಿಕೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ 16 ಆಟಿಕೆ ಕೊಟ್ಟಾಗಿನಕ್ಕಿಂತ 4 ಕೊಟ್ಟಾಗ ಪುಟ್ಟ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು ಆಡಿದ್ದರು. ಉಳಿದವು ಹಳೆಯ ಬುಟ್ಟಿಯಲ್ಲಿ, ಮಂಚದಡಿ, ಭಾನುವಾರ ಬದಲಿಸುತ್ತೇನೆ.

ಕೂಲಿ, ಎಣ್ಣೆ, ಕ್ಲಾಂಪ್ ಎಲ್ಲ ಸೇರಿ 3,100 ರೂಪಾಯಿ ಆಯಿತು. ಹಲಗೆ ಕೊಳ್ಳಬೇಕಿದ್ದರೆ ನನಗೆ ಕೈಗೆಟಕುತ್ತಿರಲಿಲ್ಲ. ಗೋಡೆ ಕೊರೆಯಲಾಗದ ಬಾಡಿಗೆ ಮನೆಯವರಾದರೆ ನಾಲ್ಕು ಚಿಕ್ಕ ಬುಟ್ಟಿಗಳನ್ನು ನೆಲದ ಮೇಲೆ ಸಾಲಾಗಿಟ್ಟು, ಒಂದೊಂದರಲ್ಲಿ ಒಂದೇ ಆಟಿಕೆ ಇಡಿ.